ಓಆರ್ ಡಿಗ್ರಿ ಜೊತೆಗೆ ಯಾವ ಮೈನರ್? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಸೆಮಿಸ್ಟರ್ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗಳು, ಬೆಂಗಳೂರಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸೇರಿದ ಪಕ್ಕದ ಮನೆ ಹುಡುಗ, ಅವರ ಅಪ್ಪ ಅಮ್ಮಂದಿರು. ಎಲ್ಲರೂ ಕೇಳುವುದು ಇಷ್ಟೇ: ಆಪರೇಷನ್ಸ್ ರಿಸರ್ಚ್ (ಓಆರ್) ಜೊತೆಗೆ ಮೈನರ್ ಯಾವುದು ತಗೊಳ್ಳಲಿ? ಮೇಜರ್ ಅಂದರೆ ಡಿಗ್ರಿಯ ಮುಖ್ಯ ವಿಷಯ, ಮೈನರ್ ಅಂದರೆ ಅದರ ಜೊತೆಗೆ ಓದುವ ಚಿಕ್ಕ ವಿಷಯ. ನಾನು ಈ ವಿಷಯ ಓದಿದವಳು, ಇದರಲ್ಲೇ ಕೆಲಸ ಮಾಡುವವಳು. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಓಆರ್ ಅಂದರೆ ಏನು ಅಂತ ಮನೆಯಲ್ಲಿ ಹೇಗೆ ಹೇಳಲಿ?

ಇರುವಷ್ಟರಲ್ಲಿ ಕೆಲಸವನ್ನು ಹೇಗೆ ಚೆನ್ನಾಗಿ ಮಾಡಬಹುದು ಅಂತ ಲೆಕ್ಕ ಹಾಕಿ ಹೇಳುವ ವಿದ್ಯೆ ಅನ್ನಿ. ನಂದಿನಿ ಹಾಲನ್ನೇ ತೆಗೆದುಕೊಳ್ಳಿ. 2024ರಲ್ಲಿ ಕೆಎಂಎಫ್‌ನ ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಅಷ್ಟು ಹಾಲು ಹಳ್ಳಿಯಿಂದ ಡೇರಿಗೆ ಕೆಡದಂತೆ ಬರಬೇಕು. ಯಾವ ಲಾರಿ ಯಾವ ಊರಿಗೆ ಮೊದಲು ಹೋಗಬೇಕು? ಎಷ್ಟು ಹಾಲು ಪ್ಯಾಕೆಟ್ಟಿಗೆ, ಎಷ್ಟು ಪುಡಿಗೆ? ಇಂಥ ಪ್ರಶ್ನೆಗಳನ್ನು ಸಮೀಕರಣಗಳಾಗಿ ಬರೆದು ಬಿಡಿಸುವುದು ಓಆರ್.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ, ರಾಡಾರ್ ಮತ್ತು ಹಡಗುಗಳ ರಕ್ಷಣೆಯ ಲೆಕ್ಕಗಳಿಂದ ಇದು ಬೆಳೆಯಿತು. ನಮ್ಮ ದೇಶದಲ್ಲಿ ಮೊದಲ ಓಆರ್ ಘಟಕ ಶುರುವಾದದ್ದು 1949ರಲ್ಲಿ, ಹೈದರಾಬಾದಿನಲ್ಲಿ. ಮನೆಯವರಿಗೆ ಇಷ್ಟು ಸಾಕು. ಜಾಸ್ತಿ ಹೇಳಲು ಹೋದರೆ "ಹಾಗಾದರೆ ಆಪರೇಷನ್ ಮಾಡೋ ಡಾಕ್ಟರಾ?" ಎಂಬಲ್ಲಿಗೇ ಮಾತು ಬಂದು ನಿಲ್ಲುತ್ತದೆ.

ಮೈನರ್ ಅಂದರೆ ಎಷ್ಟು ಓದು?

ಅಮೆರಿಕದಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಕೋರ್ಸ್. ಕಾರ್ನೆಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರು ಕೋರ್ಸ್, 18 ಕ್ರೆಡಿಟ್. ಹೇಗೂ ತೆಗೆದುಕೊಳ್ಳಬೇಕಾದ ಇಲೆಕ್ಟಿವ್‌ಗಳಲ್ಲೇ ಇದರ ಬಹುಪಾಲು ಮುಗಿದುಹೋಗಬಹುದು. ಕೆಲವು ಕೋರ್ಸ್ ಮೇಜರ್‌ಗೂ ಮೈನರ್‌ಗೂ ಎರಡಕ್ಕೂ ಲೆಕ್ಕಕ್ಕೆ ಬರುತ್ತವೆ. ಎಷ್ಟು ಬರುತ್ತವೆ ಅನ್ನುವುದು ಒಂದೊಂದು ಯೂನಿವರ್ಸಿಟಿಯಲ್ಲಿ ಒಂದೊಂದು ಥರ. ಅದನ್ನು ಮೊದಲೇ ಕೇಳಿಕೊಳ್ಳಿ.

ನಮ್ಮಲ್ಲಿ ಕಥೆ ಬೇರೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇಯ ನಿಯಮದ ಪ್ರಕಾರ ಬಿಇ, ಬಿಟೆಕ್‌ನಲ್ಲಿ ಮೈನರ್ ಬೇಕೆಂದರೆ ಡಿಗ್ರಿಯ ಕ್ರೆಡಿಟ್‌ಗಳ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಓದಬೇಕು. ಅಂದರೆ ಇದು ಪೂರ್ತಿ ಹೆಚ್ಚುವರಿ ಹೊರೆ. ಅಮೆರಿಕದ ಗೆಳತಿ ಎರಡು ಮೈನರ್ ಮಾಡಿದಳು ಅಂತ ಇಲ್ಲಿಯವರು ಹೋಲಿಸಿಕೊಂಡು ಕೊರಗುವುದು ನ್ಯಾಯವಲ್ಲ.

ಓಆರ್ ಒಂದೇ ಸಾಲದಾ? ಮೈನರ್ ಯಾಕೆ ಬೇಕು?

ಇದಕ್ಕೆ ನಾನು ಯಾವಾಗಲೂ ಜಾರ್ಜ್ ಡಾಂಟ್ಜಿಗ್ ಅವರ ಕಥೆ ಹೇಳುತ್ತೇನೆ. ಇರುವ ಮಿತಿಗಳೊಳಗೆ ಅತಿ ಕಡಿಮೆ ಖರ್ಚನ್ನೋ ಅತಿ ಹೆಚ್ಚು ಲಾಭವನ್ನೋ ಹುಡುಕುವ ಲೆಕ್ಕಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ. ಅದನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು 1947ರಲ್ಲಿ ಕೊಟ್ಟವರು ಅವರು. ಅದನ್ನು ಮೊದಲು ಪರೀಕ್ಷಿಸಿದ ದೊಡ್ಡ ಲೆಕ್ಕವೇ ಊಟದ್ದು: 77 ಆಹಾರ ಪದಾರ್ಥ, 9 ಪೋಷಕಾಂಶ. ದೇಹಕ್ಕೆ ಬೇಕಾದದ್ದೆಲ್ಲ ಸಿಗಬೇಕು, ಖರ್ಚು ಆದಷ್ಟು ಕಡಿಮೆ ಇರಬೇಕು. ಕೈಯಲ್ಲಿ ತಿರುಗಿಸುವ ಕ್ಯಾಲ್ಕುಲೇಟರ್ ಇಟ್ಟುಕೊಂಡು ಮಾಡಿದರು. ಒಬ್ಬರೇ ಕೂತಿದ್ದರೆ 120 ದಿನ ಹಿಡಿಯುವಷ್ಟು ಕೆಲಸ.

ಕೆಲವು ವರ್ಷಗಳ ನಂತರ ಡಾಂಟ್ಜಿಗ್‌ಗೆ ಡಾಕ್ಟರು ತೂಕ ಇಳಿಸಲು ಹೇಳಿದರು. ಅವರು ತಮ್ಮ ಊಟದ ಲೆಕ್ಕವನ್ನೇ ಕಂಪ್ಯೂಟರಿಗೆ ಕೊಟ್ಟರು. ಹೊಟ್ಟೆ ತುಂಬಿದ ಹಾಗೆ ಅನ್ನಿಸಬೇಕು ಅನ್ನುವುದು ಗುರಿ. ಅದಕ್ಕೆ ಅವರು ಹಿಡಿದ ಅಳತೆ, ಆಹಾರದ ತೂಕದಲ್ಲಿ ನೀರಿನ ತೂಕ ಕಳೆದು ಉಳಿಯುವಷ್ಟು. ಕಂಪ್ಯೂಟರ್ ಕೊಟ್ಟ ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು. ಸುಮಾರು 1,900 ಲೀಟರ್! ಪಟ್ಟಿಯಲ್ಲಿ ವಿನೆಗರ್‌ಗೆ ನೀರಿನಂಶ ಸೊನ್ನೆ ಅಂತ ಇತ್ತು, ಅದಕ್ಕೆ. ವಿನೆಗರ್ ತೆಗೆದುಹಾಕಿದರು. ಮರುದಿನ 200 ಬೌಲಿಯನ್ ಕ್ಯೂಬ್ ಬಂತು. ಸಾರಿಗೆ ಹಾಕುವ ಉಪ್ಪುಪ್ಪಾದ ಬಿಲ್ಲೆಗಳು ಅವು. ಉಪ್ಪಿಗೆ ಮೇಲ್ಮಿತಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ವಿದ್ಯೆ ಕಟ್ಟಿದವರೇ ಮಾಡಿದ ಲೆಕ್ಕ ಅದು. ತಪ್ಪಿದ್ದದ್ದು ಆಹಾರದ ತಿಳಿವಳಿಕೆಯಲ್ಲಿ. ಅಡುಗೆಮನೆ ಗೊತ್ತಿರುವ ಯಾರನ್ನು ಕೇಳಿದ್ದರೂ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ಮೈನರ್ ಬೇಕಾಗುವುದು ಇಲ್ಲಿ. ಓಆರ್ ನಿಮಗೆ ಲೆಕ್ಕ ಬಿಡಿಸಲು ಕಲಿಸುತ್ತದೆ. ಅಂಕಿ ಎಲ್ಲಿಂದ ಬಂತು, ಉತ್ತರ ಯಾರ ಬದುಕಿನ ಮೇಲೆ ಹೋಗಿ ಬೀಳುತ್ತದೆ ಅನ್ನುವುದನ್ನು ಬೇರೆ ಕಡೆ ಕಲಿಯಬೇಕು.

ಹಾಗಾದರೆ ಆಯ್ಕೆ ಶುರು ಮಾಡುವುದು ಎಲ್ಲಿಂದ?

ಮೈನರ್‌ಗಳ ಪಟ್ಟಿಯಿಂದ ಅಲ್ಲ, ನಿಮ್ಮ ಮೇಜರ್‌ನ ಕೋರ್ಸ್ ಪಟ್ಟಿಯಿಂದ. ಅದನ್ನು ಪ್ರಿಂಟ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಎರಡು ಪ್ರಶ್ನೆ ಕೇಳಿ.

ಒಂದು, ಡಿಗ್ರಿ ಮುಗಿಯುವ ಹೊತ್ತಿಗೆ ನಾನು ಯೋಚಿಸಿದ ಮಾದರಿಯನ್ನು, ಅಂದರೆ ಸಮಸ್ಯೆಯನ್ನು ಸಮೀಕರಣಗಳಾಗಿ ಬರೆದದ್ದನ್ನು, ನನ್ನ ಕೈಯಾರೆ ಕಂಪ್ಯೂಟರಿನಲ್ಲಿ ಓಡಿಸಬಲ್ಲೆನಾ? ಕೊಳೆ ತುಂಬಿದ ಡೇಟಾ ಕೊಟ್ಟರೆ ಅದನ್ನು ತೊಳೆದು ನೋಡಬಲ್ಲೆನಾ? ಉತ್ತರ "ಇಲ್ಲ" ಆದರೆ ನಿಮಗೆ ಕೈ ಗಟ್ಟಿ ಮಾಡುವ ಮೈನರ್ ಬೇಕು: ಕಂಪ್ಯೂಟರ್ ಸೈನ್ಸ್ ಅಥವಾ ಸಂಖ್ಯಾಶಾಸ್ತ್ರ.

ಎರಡು, ನಾನು ಯಾವ ಕ್ಷೇತ್ರದ ಜನರ ಜೊತೆ ಅವರ ಭಾಷೆಯಲ್ಲಿ ಮಾತಾಡಬಲ್ಲೆ? ಆಸ್ಪತ್ರೆ, ನೀರು, ಬ್ಯಾಂಕು, ರೈಲು, ಶಾಲೆ, ಕೃಷಿ. ಒಂದೂ ಇಲ್ಲವಾದರೆ ನಿಮಗೆ ನಿಲ್ಲಲು ನೆಲ ಕೊಡುವ ಮೈನರ್ ಬೇಕು.

ಡಿಗ್ರಿಯ ಹೆಸರನ್ನೂ ನೋಡಿ. ಪ್ರಿನ್ಸ್‌ಟನ್‌ನ ವಿಭಾಗದ ಹೆಸರೇ ಆಪರೇಷನ್ಸ್ ರಿಸರ್ಚ್ ಮತ್ತು ಫೈನಾನ್ಷಿಯಲ್ ಎಂಜಿನಿಯರಿಂಗ್. ಕೊಲಂಬಿಯಾದಲ್ಲೂ ಫೈನಾನ್ಸ್ ಕಡೆ ವಾಲಿದ ಓಆರ್ ಡಿಗ್ರಿ ಬೇರೆಯೇ ಇದೆ. ಅಂಥ ಕಡೆ ಓದುವವರು ಮತ್ತೆ ಫೈನಾನ್ಸ್ ಮೈನರ್ ತೆಗೆದುಕೊಂಡರೆ ಅದೇ ಪಾಠ ಎರಡು ಸಲ ಕೇಳಿದ ಹಾಗೆ.

ನನ್ನ ಸ್ವಂತ ಅಭಿಪ್ರಾಯ: ಕೈಯ ಕೊರತೆ ಇದ್ದರೆ ಅದನ್ನು ಮೊದಲು ತುಂಬಿಕೊಳ್ಳಿ. ಅದು ಮೇಜರ್‌ನಲ್ಲೇ ತುಂಬಿದ್ದರೆ ನೆಲ ಕೊಡುವ ಮೈನರ್‌ಗೇ ಹೋಗಿ, ಹಿಂದೆ ಮುಂದೆ ನೋಡಬೇಡಿ.

ಕಂಪ್ಯೂಟರ್ ಸೈನ್ಸ್ ಮೈನರ್ ಎಲ್ಲರೂ ಹೇಳುತ್ತಾರೆ. ಸರಿನಾ?

ಪ್ರೋಗ್ರಾಮಿಂಗ್ ಒಂದೇ ಕೋರ್ಸ್ ಇರುವ ಡಿಗ್ರಿ ನಿಮ್ಮದಾದರೆ ಖಂಡಿತ ಸರಿ. ಕೆಲಸಕ್ಕೆ ಸೇರಿದ ಮೇಲೆ ದಿನದ ಹೆಚ್ಚು ಹೊತ್ತು ಹೋಗುವುದು ಡೇಟಾ ಹುಡುಕುವುದರಲ್ಲಿ, ಜೋಡಿಸುವುದರಲ್ಲಿ, ಮಾದರಿಯನ್ನು ಬೇರೆ ಸಾಫ್ಟ್‌ವೇರ್‌ಗೆ ತಗಲಿಸುವುದರಲ್ಲಿ. ಸಮೀಕರಣ ಬರೆಯುವ ಸುಖದ ಹೊತ್ತು ಕಡಿಮೆ.

ಯಾವ ಕೋರ್ಸ್ ಅನ್ನುವುದು ಮುಖ್ಯ. ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಡೇಟಾಬೇಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಈ ನಾಲ್ಕು ನಿಮಗೆ ದಿನಾ ಬಳಕೆಗೆ ಬರುತ್ತವೆ. ಅಲ್ಗಾರಿದಮ್ ಕೋರ್ಸ್‌ನಲ್ಲಿ ಒಂದು ಲೆಕ್ಕ ಯಾಕೆ ಕಷ್ಟ ಅನ್ನುವುದು ಗೊತ್ತಾಗುತ್ತದೆ. ಊರೂರು ಸುತ್ತುವ ಸೇಲ್ಸ್‌ಮನ್ ದಾರಿಯ ಲೆಕ್ಕದಲ್ಲಿ ಊರುಗಳು ಹತ್ತು ಇದ್ದಾಗ ಎಲ್ಲ ದಾರಿಗಳನ್ನೂ ಎಣಿಸಿ ನೋಡಬಹುದು. ನೂರು ಇದ್ದರೆ ಎಣಿಸಿ ಮುಗಿಯುವುದೇ ಇಲ್ಲ, ಉಪಾಯ ಬೇಕು. ಆ ಉಪಾಯಗಳ ಅರ್ಧ ಓಆರ್‌ನಲ್ಲಿ ಇವೆ, ಅರ್ಧ ಕಂಪ್ಯೂಟರ್ ಸೈನ್ಸ್‌ನಲ್ಲಿ.

ಮೈನರ್‌ಗೆ ಸೀಟು ಸಿಗಲಿಲ್ಲ ಅಂತ ಅಳಬೇಡಿ. ಎಷ್ಟೋ ಕಡೆ ಇದಕ್ಕೆ ನೂಕುನುಗ್ಗಲು. ಪೈಥಾನ್ ಕಲಿತು, ಇಂಥ ಲೆಕ್ಕ ಬಿಡಿಸಲು ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳಾದ ಪಲ್ಪ್, ಗೂಗಲ್‌ನ ಓಆರ್-ಟೂಲ್ಸ್, ಎಡಿನ್‌ಬರೋ ಯೂನಿವರ್ಸಿಟಿಯಲ್ಲಿ ಹುಟ್ಟಿದ ಹೈಸ್ ಸಾಲ್ವರ್ ಇವುಗಳಲ್ಲಿ ನಾಲ್ಕು ಒಳ್ಳೆಯ ಪ್ರಾಜೆಕ್ಟ್ ಮಾಡಿ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಗುರೋಬಿ ಕೂಡ ವಿದ್ಯಾರ್ಥಿಗಳಿಗೆ ಪುಕ್ಕಟೆ ಲೈಸೆನ್ಸ್ ಕೊಡುತ್ತದೆ.

ಸಂಖ್ಯಾಶಾಸ್ತ್ರ ಓಆರ್‌ನಲ್ಲೇ ಇರುತ್ತದಲ್ಲ, ಮತ್ತೆ ಯಾಕೆ?

ಇರುತ್ತದೆ, ಆದರೆ ಸಾಮಾನ್ಯವಾಗಿ ಸಂಭವನೀಯತೆ ಜಾಸ್ತಿ, ನಿಜವಾದ ಡೇಟಾ ಕಡಿಮೆ. ಒಂದು ಉದಾಹರಣೆ ನೋಡಿ. ಸ್ಟಾಪಿಗೆ ಸರಿಯಾಗಿ 10 ನಿಮಿಷಕ್ಕೊಂದು ಬಸ್ ಬರುತ್ತದೆ ಅನ್ನಿ. ಯಾವಾಗಲೋ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಈಗ ಅದೇ ಬಸ್‌ಗಳು ಎರಡೆರಡು ಒಟ್ಟಿಗೆ ಬಂದು, ಆಮೇಲೆ 20 ನಿಮಿಷ ರಸ್ತೆ ಖಾಲಿ ಅನ್ನಿ. ಬಸ್‌ಗಳ ನಡುವಿನ ಸರಾಸರಿ ಅಂತರ ಈಗಲೂ 10 ನಿಮಿಷವೇ. ಆದರೆ ಜನ ಕಾಯುವುದು ಸರಾಸರಿ 10 ನಿಮಿಷ. ಕಚೇರಿಯ ಕಾಗದದಲ್ಲಿ ಏನೂ ಬದಲಾಗಿಲ್ಲ, ಸ್ಟಾಪಿನಲ್ಲಿ ನಿಂತವರ ಕಾಯುವಿಕೆ ಎರಡರಷ್ಟಾಯಿತು. ಬೆಂಗಳೂರಿನಲ್ಲಿ ಬಸ್ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಾಸರಿಯ ಹಿಂದೆ ಏನು ಅಡಗಿದೆ ಅಂತ ನೋಡುವ ಕಣ್ಣು ಸಂಖ್ಯಾಶಾಸ್ತ್ರದ ಮೈನರ್‌ನಿಂದ ಬರುತ್ತದೆ. ರಿಗ್ರೆಶನ್, ಟೈಮ್ ಸೀರೀಸ್, ಪ್ರಯೋಗಗಳನ್ನು ಯೋಜಿಸುವ ಕೋರ್ಸ್ ಈ ಮೂರು ಸಿಗುವ ಹಾಗೆ ನೋಡಿಕೊಳ್ಳಿ. ಡೇಟಾ ಸೈನ್ಸ್ ಅನ್ನುವ ಹೆಸರಿನ ಮೈನರ್ ಆದರೂ ಸರಿ, ಒಳಗೆ ಇವು ಇದ್ದರೆ ಸಾಕು.

ಎಐ, ಮಷೀನ್ ಲರ್ನಿಂಗ್ ಮೈನರ್?

ಈಗಂತೂ ಜಾಸ್ತಿ ಬರುವ ಪ್ರಶ್ನೆ ಇದು. ಮಷೀನ್ ಲರ್ನಿಂಗ್ ಹೆಚ್ಚಾಗಿ ನಾಳೆ ಏನಾಗಬಹುದು ಅಂತ ಊಹಿಸುತ್ತದೆ. ಓಆರ್ ಹಾಗಾದರೆ ಇವತ್ತು ಏನು ಮಾಡಬೇಕು ಅಂತ ಹೇಳುತ್ತದೆ. ನಾಳೆ ಎಷ್ಟು ಮೊಸರು ಖರ್ಚಾಗುತ್ತದೆ ಅನ್ನುವುದು ಊಹೆ, ಎಷ್ಟು ಹೆಪ್ಪು ಹಾಕಬೇಕು ಅನ್ನುವುದು ನಿರ್ಧಾರ. ಮೊಸರು ಉಳಿದರೆ ಆಗುವ ನಷ್ಟ, ಸಾಲದಿದ್ದರೆ ಆಗುವ ನಷ್ಟ ಎರಡೂ ಬೇರೆ ಬೇರೆ. ಹಾಗಾಗಿ ಊಹೆ ಎಷ್ಟೇ ಚೆನ್ನಾಗಿದ್ದರೂ ನಿರ್ಧಾರ ಅದರಿಂದ ತಾನಾಗಿ ಬರುವುದಿಲ್ಲ. ಎರಡೂ ಗೊತ್ತಿರುವವರು ಬೆಲೆಬಾಳುತ್ತಾರೆ. ಸಂಖ್ಯಾಶಾಸ್ತ್ರದ ತಳಪಾಯ ಇದ್ದರೆ ಈ ಮೈನರ್ ತೆಗೆದುಕೊಳ್ಳಿ. ಸುಮ್ನೆ ಹೆಸರು ನೋಡಿ ತೆಗೆದುಕೊಳ್ಳಬೇಡಿ.

ಗಣಿತದ ಮೈನರ್ ಸುಲಭವಾಗಿ ಸಿಗುತ್ತದೆ. ತಗೊಳ್ಳಲಾ?

ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಅದರ ಅರ್ಧ ನೀವು ಆಗಲೇ ಓದಿರುತ್ತೀರಿ. ಹೊಸದಾಗಿ ಕಲಿಯುವುದು ಕಡಿಮೆ. ಪಿಎಚ್‌ಡಿ ಮಾಡುವ ಆಸೆ ಇದ್ದರೆ ಮಾತ್ರ ಮಾತು ಬೇರೆ. ಆಗ ರಿಯಲ್ ಅನಾಲಿಸಿಸ್ ಮತ್ತು ಮುಂದುವರಿದ ಲೀನಿಯರ್ ಆಲ್ಜೀಬ್ರಾ ಬೇಕೇ ಬೇಕು. ಐಐಟಿ ಬಾಂಬೆಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಹೊಸ ದಾರಿಯನ್ನೇ ತೆರೆದರು. ಸಾಧ್ಯವಿರುವ ಉತ್ತರಗಳನ್ನೆಲ್ಲ ಸೇರಿಸಿ ಒಂದು ಹರಳು ಅಂದುಕೊಂಡರೆ, ಸಿಂಪ್ಲೆಕ್ಸ್ ಅದರ ಅಂಚಿನಲ್ಲಿ ನಡೆಯುತ್ತದೆ, ಇವರ ವಿಧಾನ ಒಳಗಿನಿಂದ ಹಾದುಹೋಗುತ್ತದೆ. ಅಂಥ ಕೆಲಸ ಗಣಿತದ ಆಳ ಇಲ್ಲದೆ ಆಗುವುದಿಲ್ಲ.

ಅರ್ಥಶಾಸ್ತ್ರ ಹೇಗೆ?

ನನಗೆ ತುಂಬ ಇಷ್ಟವಾದ ಜೋಡಿ. ಎರಡೂ ಒಂದೇ ಮನೆಯ ಮಕ್ಕಳ ಹಾಗೆ. ಲೆನಿನ್‌ಗ್ರಾಡ್‌ನ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕದಿಂದ ಶುರು ಮಾಡಿ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಲೀನಿಯರ್ ಪ್ರೋಗ್ರಾಮಿಂಗ್ ಬಗ್ಗೆ ಬರೆದರು. 1975ರಲ್ಲಿ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್‌ಗೂ ಸಿಕ್ಕಿದ್ದು ಅರ್ಥಶಾಸ್ತ್ರದ ನೊಬೆಲ್.

ಎಲ್ಲಿ ಎರಡೂ ಕೂಡುತ್ತವೆ ಅಂತ ಕೇಳಿದರೆ, ಶ್ಯಾಡೋ ಪ್ರೈಸ್‌ನಲ್ಲಿ. ಒಂದು ಸ್ವಸಹಾಯ ಸಂಘ ಹಪ್ಪಳ ಮಾಡುತ್ತದೆ ಅನ್ನಿ. ಹಿಟ್ಟಿದೆ, ಕೈಗಳಿವೆ. ಒಣಗಿಸಲು ತಾರಸಿ ಮಾತ್ರ ಸಾಲದು. ಇನ್ನು ಹತ್ತು ಅಡಿ ತಾರಸಿ ಸಿಕ್ಕರೆ ಲಾಭ ಎಷ್ಟು ಹೆಚ್ಚುತ್ತದೆ? ಆ ಉತ್ತರವೇ ಆ ಹತ್ತು ಅಡಿಗೆ ಅವರು ಕೊಡಬಹುದಾದ ಅತಿ ಹೆಚ್ಚಿನ ಬಾಡಿಗೆ. ಹಿಟ್ಟು ಮಿಗುತ್ತಿದ್ದರೆ ಇನ್ನೊಂದು ಕಿಲೋ ಹಿಟ್ಟಿನ ಬೆಲೆ ಅವರಿಗೆ ಸೊನ್ನೆ. ಓಆರ್ ಪಾಠದಲ್ಲಿ ಇದು ಒಂದು ಸಾಲಿನ ಅಂಕಿ. ಅರ್ಥಶಾಸ್ತ್ರದ ಪಾಠದಲ್ಲಿ ಅದಕ್ಕೆ ಜೀವ ಬರುತ್ತದೆ.

ಜನ ತಮ್ಮ ಲಾಭ ನೋಡಿಕೊಂಡು ನಡೆಯುತ್ತಾರೆ ಅನ್ನುವುದನ್ನೂ ಅರ್ಥಶಾಸ್ತ್ರ ಕಲಿಸುತ್ತದೆ. ಆಲ್ವಿನ್ ರಾತ್ ಮತ್ತು ಲಾಯ್ಡ್ ಶೇಪ್ಲಿಗೆ 2012ರಲ್ಲಿ ನೊಬೆಲ್ ಬಂದದ್ದು ಯಾರಿಗೆ ಯಾರು ಅಂತ ಹೊಂದಿಸುವ ಕೆಲಸಕ್ಕೆ. ಕಿಡ್ನಿ ಕಸಿಯನ್ನೇ ನೋಡಿ. ಗಂಡನಿಗೆ ಹೆಂಡತಿಯ ಕಿಡ್ನಿ ಹೊಂದುವುದಿಲ್ಲ. ಇನ್ನೊಂದು ಜೋಡಿಯದೂ ಅದೇ ಕಷ್ಟ. ಅದಲು ಬದಲು ಮಾಡಿದರೆ ಇಬ್ಬರೂ ಬದುಕುತ್ತಾರೆ. ನೂರಾರು ಜೋಡಿಗಳಲ್ಲಿ ಯಾರಿಗೆ ಯಾರು ಅಂತ ಹುಡುಕುವುದು ಓಆರ್ ಲೆಕ್ಕ. ಯಾರೂ ಮಧ್ಯದಲ್ಲಿ ಹಿಂದೆ ಸರಿಯದಂತೆ, ಆಸ್ಪತ್ರೆಗಳು ಹೆಸರು ಮುಚ್ಚಿಡದಂತೆ ನಿಯಮ ಕಟ್ಟುವುದು ಅರ್ಥಶಾಸ್ತ್ರ.

ಮೈಕ್ರೋ ಎಕನಾಮಿಕ್ಸ್, ಗೇಮ್ ಥಿಯರಿ, ಎಕನಾಮೆಟ್ರಿಕ್ಸ್ ತೆಗೆದುಕೊಳ್ಳಿ.

ಫೈನಾನ್ಸ್ ಅಥವಾ ಬಿಸಿನೆಸ್?

ಫೈನಾನ್ಸ್ ಕೆಲಸವೇ ಬೇಕೆಂದು ಗಟ್ಟಿ ಇದ್ದರೆ ತೆಗೆದುಕೊಳ್ಳಿ. ಹ್ಯಾರಿ ಮಾರ್ಕೋವಿಟ್ಜ್ 1952ರಲ್ಲಿ ಬರೆದ, ಹೂಡಿಕೆಯನ್ನು ಹೇಗೆ ಹಂಚಬೇಕು ಅನ್ನುವ ಲೆಕ್ಕ ಓಆರ್‌ನ ಕ್ವಾಡ್ರಾಟಿಕ್ ಪ್ರೋಗ್ರಾಮಿಂಗೇ. ವಿಮೆ ಕಡೆ ಮನಸ್ಸಿದ್ದರೆ ವಿಮೆಯ ಅಪಾಯ, ಕಂತುಗಳ ಲೆಕ್ಕ ಹಾಕಲು ಕಲಿಸುವ ಆಕ್ಚುರಿಯಲ್ ಮೈನರ್ ಚೆನ್ನಾಗಿ ಕೂರುತ್ತದೆ. ಅಮೆರಿಕದ ಆಕ್ಚುರಿ ಪರೀಕ್ಷೆಗಳಲ್ಲಿ ಮೊದಲ ಹಂತದ ಒಂದು ಪರೀಕ್ಷೆ ಸಂಭವನೀಯತೆಯದ್ದೇ, ಅದು ನೀವು ಹೇಗೂ ಓದುವ ವಿಷಯ.

ಸಾಮಾನ್ಯ ಬಿಸಿನೆಸ್ ಮೈನರ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅಕೌಂಟಿಂಗ್ ಒಂದು ಕೋರ್ಸ್ ಮಾತ್ರ ಬಿಡಬೇಡಿ. ಬ್ಯಾಲೆನ್ಸ್ ಶೀಟ್ ಓದಲು ಬರದವರು ಕಂಪನಿಗೆ ಖರ್ಚು ಉಳಿಸಿಕೊಡುತ್ತೇನೆ ಅಂದರೆ ಯಾರು ಕೇಳುತ್ತಾರೆ?

ಆರೋಗ್ಯ, ನೀರು, ಪರಿಸರ ಇಂಥವನ್ನು ತೆಗೆದುಕೊಂಡರೆ ಕೆಲಸ ಸಿಗುತ್ತದಾ?

ಸಿಗುತ್ತದೆ. ನನ್ನ ಮನಸ್ಸು ಜಾಸ್ತಿ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಓದು ಮುಗಿಸಿದ ಹೊಸದರಲ್ಲಿ ಒಂದು ಆಸ್ಪತ್ರೆಗೆ ನರ್ಸ್‌ಗಳ ಡ್ಯೂಟಿ ಪಟ್ಟಿ ಮಾಡಿಕೊಟ್ಟೆ. ರೋಗಿಗಳ ಸಂಖ್ಯೆ ರಾತ್ರಿ ಹನ್ನೊಂದಕ್ಕೆ ಇಳಿಯುತ್ತಿತ್ತು. ನನ್ನ ಮಾದರಿ ಹಲವರ ಡ್ಯೂಟಿಯನ್ನು ಸರಿಯಾಗಿ ಹನ್ನೊಂದಕ್ಕೆ ಮುಗಿಸಿತು. ಅಂಕಿಗಳಲ್ಲಿ ಬಹಳ ಚೆಂದವಾಗಿತ್ತು. ಹಿರಿಯ ಸಿಸ್ಟರ್ ಒಬ್ಬರು ಪಟ್ಟಿ ನೋಡಿ ಕೇಳಿದರು, "ಹ್ಯಾಂಡೋವರ್‌ಗೆ ಅರ್ಧ ಗಂಟೆ ಬೇಕಲ್ಲ ಮೇಡಂ, ಅದು ಎಲ್ಲಿದೆ ಇದರಲ್ಲಿ? ಆಮೇಲೆ ಅಷ್ಟೊತ್ತಿಗೆ ನಮ್ಮ ಹುಡುಗಿಯರಿಗೆ ಬಸ್ ಎಲ್ಲಿದೆ?" ಎರಡೂ ನನ್ನ ಮಾದರಿಯಲ್ಲಿ ಇರಲಿಲ್ಲ. ಆ ಪಟ್ಟಿ ಒಂದು ದಿನವೂ ಜಾರಿಗೆ ಬರಲಿಲ್ಲ. ವಾರ್ಡಿನಲ್ಲಿ ನಾಲ್ಕು ದಿನ ಕೂತು ನೋಡಿ ಹೊಸದಾಗಿ ಮಾಡಿದೆ. ಪಬ್ಲಿಕ್ ಹೆಲ್ತ್‌ನ ಎರಡು ಕೋರ್ಸ್ ಓದಿದ್ದಿದ್ದರೆ ಆಸ್ಪತ್ರೆಯ ದಿನ ಹೇಗೆ ಸಾಗುತ್ತದೆ ಅಂತ ಮೊದಲೇ ಕೇಳುವ ಬುದ್ಧಿ ಬರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ನೀವು ಅಲ್ಲಿಗೆ ತೆಗೆದುಕೊಂಡು ಹೋಗುವ ವಿದ್ಯೆಯೂ ಸಣ್ಣದಲ್ಲ. ಸರದಿ ಸಾಲುಗಳ ಲೆಕ್ಕವಾದ ಕ್ಯೂ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ, ಒಬ್ಬ ಡಾಕ್ಟರ ಸಮಯದ ನೂರಕ್ಕೆ 80 ಭಾಗ ತುಂಬಿದ್ದರೆ ಅಲ್ಲಿ ಸರಾಸರಿ 4 ಜನ ಇರುತ್ತಾರೆ. 90 ಭಾಗ ತುಂಬಿಸಿದರೆ 9 ಜನ. 95 ಭಾಗ ತುಂಬಿಸಿದರೆ 19 ಜನ. "ಡಾಕ್ಟರು ಒಂದು ನಿಮಿಷವೂ ಖಾಲಿ ಕೂರಬಾರದು" ಅನ್ನುವ ಆಡಳಿತದವರಿಗೆ ಈ ಮೂರು ಅಂಕಿ ತೋರಿಸಿದರೆ ಅರ್ಥವಾಗುತ್ತದೆ. ಆದರೆ ಒಪಿಡಿಯಲ್ಲಿ ಕೂತವರು ಯಾಕೆ ಬೆಳಿಗ್ಗೆ ಒಂಬತ್ತಕ್ಕೇ ಎಲ್ಲರೂ ಬರುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಮುಂದಿನ ಮಾತು.

ನೀರಿಗೆ ಬನ್ನಿ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿತು ಅಂದರೆ ನಮಗೆಲ್ಲ ಖುಷಿ. ಆದರೆ ತುಂಬಿದ ನೀರನ್ನು ಯಾವಾಗ, ಎಷ್ಟು ಬಿಡಬೇಕು? ಈಗ ಬಿಟ್ಟರೆ ಮುಂದೆ ಮಳೆ ಕೈಕೊಟ್ಟರೆ ಕಷ್ಟ. ಇಟ್ಟುಕೊಂಡರೆ ಈಗ ಬೆಳೆ ಒಣಗುತ್ತದೆ. ಇವತ್ತಿನ ನಿರ್ಧಾರ ನಾಳೆಯದರ ಮೇಲೆ ಬೀಳುವಾಗ ಹಂತ ಹಂತವಾಗಿ ಬಿಡಿಸುವ ಡೈನಾಮಿಕ್ ಪ್ರೋಗ್ರಾಮಿಂಗ್‌ನ ಹಳೆಯ, ಗಟ್ಟಿ ಲೆಕ್ಕ ಇದು. ಬೆಂಗಳೂರಿನ ಐಐಎಸ್‌ಸಿಯ ವೇದುಲ ಮತ್ತು ಮುಜುಂದಾರ್ 1992ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ಮಲಪ್ರಭಾ ಜಲಾಶಯದ ಮೇಲೇ ಇದೆ. ಬೇರೆ ಬೇರೆ ಬೆಳೆ, ಮಣ್ಣಿನಲ್ಲಿ ಉಳಿದ ತೇವ, ಒಳಹರಿವಿನ ಅನಿಶ್ಚಿತತೆ ಎಲ್ಲವನ್ನೂ ಸೇರಿಸಿದ್ದಾರೆ. ಮಣ್ಣಿನ ತೇವ ಅನ್ನುವುದು ಓಆರ್ ಪುಸ್ತಕದಲ್ಲಿ ಬರುವುದಿಲ್ಲ. ಅದು ಹೈಡ್ರಾಲಜಿಯಲ್ಲಿ, ಕೃಷಿಯಲ್ಲಿ ಬರುತ್ತದೆ. ಸವದತ್ತಿ ಕಡೆಯ ಹುಡುಗ ಒಬ್ಬ ಸಿವಿಲ್‌ನಿಂದ ನೀರಿನ ಮೈನರ್ ತೆಗೆದುಕೊಳ್ಳುತ್ತೇನೆ ಅಂತ ಕೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪಬ್ಲಿಕ್ ಪಾಲಿಸಿ, ಸಮಾಜಶಾಸ್ತ್ರ ಇದಕ್ಕೆಲ್ಲ ಏನು ಸಂಬಂಧ?

ಬೋಸ್ಟನ್ ನಗರದ ಶಾಲೆಗಳಲ್ಲಿ 2017ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಎಂಐಟಿಯ ತಂಡ ಎರಡು ಕೆಲಸ ಮಾಡಿತು. ಮೊದಲನೆಯದು ಶಾಲಾ ಬಸ್‌ಗಳ ದಾರಿ. ಅದರಿಂದ 50ರಷ್ಟು ಬಸ್‌ಗಳು ಕಡಿಮೆಯಾದವು, ಸುಮಾರು 50 ಲಕ್ಷ ಡಾಲರ್ ಉಳಿಯಿತು. ಎಲ್ಲರೂ ಮೆಚ್ಚಿದರು. ಎರಡನೆಯದು ಶಾಲೆ ಶುರುವಾಗುವ ಹೊತ್ತು. ದೊಡ್ಡ ಮಕ್ಕಳು ಇನ್ನಷ್ಟು ನಿದ್ದೆ ಮಾಡಲಿ, ಚಿಕ್ಕವರು ಕತ್ತಲಾಗುವ ಮೊದಲು ಮನೆ ಸೇರಲಿ, ಬಸ್ ಖರ್ಚೂ ಇಳಿಯಲಿ. ಉದ್ದೇಶ ಒಳ್ಳೆಯದೇ. ಆದರೆ ಕೆಲವು ಪ್ರಾಥಮಿಕ ಶಾಲೆಗಳು ಬೆಳಿಗ್ಗೆ ಏಳೂಕಾಲಿಗೆ ಶುರುವಾಗಿ ಮಧ್ಯಾಹ್ನ ಬೇಗ ಬಿಡುವ ಹಾಗಾಯಿತು. ದುಡಿಯುವ ಅಪ್ಪ ಅಮ್ಮ ಆಮೇಲೆ ಮಗುವನ್ನು ಎಲ್ಲಿ ಬಿಡಬೇಕು? ಪೋಷಕರು ತಿರುಗಿಬಿದ್ದರು. ಡಿಸೆಂಬರ್‌ನಲ್ಲಿ ಪ್ರಕಟವಾದ ಯೋಜನೆಯನ್ನು ಕೆಲವೇ ವಾರಗಳಲ್ಲಿ ಕೈಬಿಟ್ಟರು.

ಬಸ್ಸಿನ ದಾರಿ ಬದಲಾದರೆ ಮನೆಯ ದಿನಚರಿ ಅಷ್ಟಾಗಿ ಬದಲಾಗುವುದಿಲ್ಲ. ಶಾಲೆಯ ಹೊತ್ತು ಬದಲಾದರೆ ಇಡೀ ಮನೆ ಬದಲಾಗುತ್ತದೆ. ಈ ವ್ಯತ್ಯಾಸ ಯಾವ ಸಮೀಕರಣದಲ್ಲೂ ಕಾಣುವುದಿಲ್ಲ. ಸರ್ಕಾರ, ಸಾರಿಗೆ, ಶಿಕ್ಷಣ ಇಂಥ ಕಡೆ ಕೆಲಸ ಮಾಡುವ ಮನಸ್ಸಿದ್ದರೆ ಈ ಮೈನರ್ ಕಂಪ್ಯೂಟರ್ ಸೈನ್ಸ್‌ಗಿಂತ ಕಡಿಮೆಯದ್ದಲ್ಲ.

ನನಗೆ ಸಂಗೀತ ಇಷ್ಟ. ಮೈನರ್ ಅದರಲ್ಲಿ ಮಾಡಬಹುದಾ?

ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ ಮೇಜರ್‌ನಲ್ಲೇ ಇದ್ದರೆ ಧಾರಾಳವಾಗಿ ಮಾಡಿ. ನಾಲ್ಕು ವರ್ಷ ಮನಸ್ಸು ತಾಜಾ ಇರಬೇಕಲ್ಲ. ಭಾಷೆ, ಬರವಣಿಗೆಯ ಮೈನರ್‌ಗೂ ಇದೇ ಉತ್ತರ. ಅದರಲ್ಲೂ ಬರವಣಿಗೆ ಕೆಲಸಕ್ಕೂ ಬರುತ್ತದೆ. ನಿಮ್ಮ ಉತ್ತರವನ್ನು ಡಿಪೋ ಮ್ಯಾನೇಜರ್‌ಗೆ ಒಂದು ಪುಟದಲ್ಲಿ, ಒಂದೂ ಸಮೀಕರಣ ಇಲ್ಲದೆ ಬಿಡಿಸಿ ಹೇಳಲು ಬಂದರೆ ಅರ್ಧ ಕೆಲಸ ಆದ ಹಾಗೆ.

ಅಮೆರಿಕದಲ್ಲಿ ಓದುತ್ತಿದ್ದೇನೆ. ಸ್ಟೆಮ್ ಮೈನರ್ ಇದ್ದರೆ ಓಪಿಟಿಗೆ ಅನುಕೂಲವಾ?

ಇಲ್ಲ. ಇದರಲ್ಲಿ ತುಂಬ ಜನ ತಪ್ಪು ತಿಳಿದಿದ್ದಾರೆ. ಓಪಿಟಿ ಅಂದರೆ ಓದಿದ ವಿಷಯದಲ್ಲಿ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಸ್ಟೆಮ್ ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ. ಓಪಿಟಿಯ 12 ತಿಂಗಳ ಮೇಲೆ ಸಿಗುವ 24 ತಿಂಗಳ ಸ್ಟೆಮ್ ವಿಸ್ತರಣೆಗೆ ಲೆಕ್ಕಕ್ಕೆ ಬರುವುದು ನಿಮ್ಮ ಮೇಜರ್ ಅಥವಾ ಡಬಲ್ ಮೇಜರ್ ಮಾತ್ರ. ಮೈನರ್ ಬರುವುದಿಲ್ಲ. ಆಪರೇಷನ್ಸ್ ರಿಸರ್ಚ್ ತಾನೇ ಸ್ಟೆಮ್ ಪಟ್ಟಿಯಲ್ಲಿದೆ, ಹಾಗಾಗಿ ನಿಮಗೆ ಚಿಂತೆ ಇಲ್ಲ. ನಿಮ್ಮ ಡಿಗ್ರಿಯ ಕೋಡ್ ಯಾವುದು ಅಂತ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ವೀಸಾ ಭಯದಿಂದ ಇಷ್ಟವಿಲ್ಲದ ಮೈನರ್ ತೆಗೆದುಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಇಂಟರ್‌ವ್ಯೂನಲ್ಲಿ ಮೈನರ್ ನೋಡುತ್ತಾರಾ?

ಹೆಸರು ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಅಮೆರಿಕದಲ್ಲಿ ಬಹಳ ಕಡೆ ಮೈನರ್ ಮಾರ್ಕ್ಸ್ ಕಾರ್ಡಿನಲ್ಲಿ ಇರುತ್ತದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ. ಆದರೆ ನಾನು ಇಂಟರ್‌ವ್ಯೂ ಮಾಡುವಾಗ ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಮಾಡಿದ ಮಾದರಿಯಲ್ಲಿ ಯಾವ ಅಂಕಿಯನ್ನು ನೀವು ನಂಬುವುದಿಲ್ಲ?" ಬೇರೆ ವಿಷಯವನ್ನು ಮನಸ್ಸಿಟ್ಟು ಓದಿದವರ ಉತ್ತರ ಬೇರೆಯೇ ಇರುತ್ತದೆ. ಅವರಿಗೆ ಆ ಅಂಕಿ ಹೇಗೆ ಹುಟ್ಟಿತು ಅಂತ ಗೊತ್ತಿರುತ್ತದೆ.

ಯಾವಾಗ ನಿರ್ಧರಿಸಬೇಕು? ಮಧ್ಯದಲ್ಲಿ ಬಿಟ್ಟರೆ?

ಎರಡನೇ ವರ್ಷದ ಮಧ್ಯದ ಹೊತ್ತಿಗೆ. ಅದಕ್ಕೂ ಮೊದಲು ಆ ವಿಷಯದ ಒಂದು ಕೋರ್ಸ್ ಓದಿ ನೋಡಿ. ಬಿಟ್ಟರೆ ಕಳಂಕವೇನೂ ಇಲ್ಲ, ಓದಿದ ಕೋರ್ಸ್ ಎಲ್ಲಿಗೂ ಹೋಗುವುದಿಲ್ಲ. ಮೈನರ್‌ಗಾಗಿ ಮೇಜರ್‌ನ ಅಂಕ ಬೀಳುತ್ತಿದ್ದರೆ ಮಾತ್ರ ಆ ಸೆಮಿಸ್ಟರ್‌ನಲ್ಲೇ ಬಿಡಿ, ಮುಂದೂಡಬೇಡಿ.

ನಮ್ಮ ಕಾಲೇಜಿನಲ್ಲಿ ಮೈನರ್ ಇಲ್ಲ. ನಾವೇನು ಮಾಡಬೇಕು?

ಕರ್ನಾಟಕದ ಬಿಎಸ್ಸಿ ವಿದ್ಯಾರ್ಥಿಗಳು ಇದನ್ನು ಜಾಸ್ತಿ ಕೇಳುತ್ತಾರೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಮೇಜರ್, ಮೈನರ್ ಮಾತು ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮಧ್ಯದ ಬ್ಯಾಚ್‌ಗಳಿಗೆ ಗೊಂದಲ ಆದದ್ದು ನಿಜ.

ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಅಥವಾ ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಈ ಕಾಂಬಿನೇಶನ್‌ಗಳು ಓಆರ್‌ಗೆ ಒಳ್ಳೆಯ ತಳಪಾಯ. ಮೇಲೆ ಹೇಳಿದ ಮೈನರ್‌ಗಳ ಕೆಲಸವನ್ನು ಅವೇ ಮಾಡುತ್ತವೆ. ಓಆರ್ ಪಾಠಕ್ಕೆ, ಆನ್‌ಲೈನ್ ಉಪನ್ಯಾಸಗಳು ಸಿಗುವ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನ ಪ್ರೊ. ಜಿ. ಶ್ರೀನಿವಾಸನ್ ಅವರ ಉಪನ್ಯಾಸಗಳಿವೆ. ಬೋರ್ಡಿನ ಮೇಲೆ ಒಂದೊಂದೇ ಹೆಜ್ಜೆ ಬರೆದು ಹೇಳುತ್ತಾರೆ, ನಾನು ಈಗಲೂ ಒಮ್ಮೊಮ್ಮೆ ನೋಡುತ್ತೇನೆ. ಮುಂದೆ ಓದಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಓಆರ್‌ಗೆಂದೇ ವಿಭಾಗವಿದೆ, ಕೋಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ (ಐಎಸ್‌ಐ) ಕ್ವಾಲಿಟಿ, ರಿಲಯಬಿಲಿಟಿ ಮತ್ತು ಓಆರ್‌ನ ಎಂಟೆಕ್ ಇದೆ.

ಎರಡು ಮೈನರ್ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಹೇಗೆ ಬಗೆಹರಿಸಲಿ?

ಎರಡೂ ವಿಷಯಗಳಿಂದ ಒಂದೊಂದು ಸಣ್ಣ ಸಮಸ್ಯೆ ಆರಿಸಿ. ಹಾಸ್ಟೆಲ್ ಮೆಸ್ಸಿನಲ್ಲಿ ದಿನಾ ಎಷ್ಟು ಅನ್ನ ಮಾಡಬೇಕು, ಊರಿನ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ದಿನ ಜನ ಎಷ್ಟು ಕಾಯುತ್ತಾರೆ, ಇಂಥದ್ದು. ಒಂದೊಂದಕ್ಕೆ ಎರಡು ವಾರಾಂತ್ಯ ಕೊಡಿ. ಹೋಗಿ ನಿಂತು ಎಣಿಸಿ, ಅಲ್ಲಿಯವರನ್ನು ಮಾತಾಡಿಸಿ, ಒಂದು ಸಣ್ಣ ಮಾದರಿ ಕಟ್ಟಿ. ನಿಮ್ಮ ಉತ್ತರವನ್ನು ಅಡುಗೆಯವರಿಗೋ ಸಿಸ್ಟರ್‌ಗೋ ತೋರಿಸಿ. ಅವರು "ಇದು ಆಗಲ್ಲ, ಯಾಕೆಂದರೆ..." ಅಂತ ಶುರು ಮಾಡಿದಾಗ, ಯಾವ ಕಡೆಯ "ಯಾಕೆಂದರೆ" ಕೇಳಲು ನಿಮಗೆ ಇನ್ನೂ ಕೂರಬೇಕು ಅನ್ನಿಸಿತೋ ಆ ಮೈನರ್ ತೆಗೆದುಕೊಳ್ಳಿ.